ಹಳೆಯ ವ್ಯಾನಿನ ಸಸ್ಪೆನ್ಷನ್ ಸುಧಾರಣೆ: ಸವೆದದ್ದನ್ನು ಸರಿಪಡಿಸುವುದರಿಂದ ಆರಂಭಿಸುವ ಕ್ರಮ

ಹದಿನೈದಿಪ್ಪತ್ತು ವರ್ಷ ದುಡಿದ ವ್ಯಾನನ್ನು ಓಡಿಸುವವರ ದೂರುಗಳು ಹೆಚ್ಚೂಕಡಿಮೆ ಒಂದೇ ಬಗೆಯವು. ನೇರ ರಸ್ತೆಯಲ್ಲಿಯೂ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ತಿದ್ದುತ್ತಲೇ ಇರಬೇಕಾಗುತ್ತದೆ. ತಿರುವಿನಲ್ಲಿ ಗಾಡಿ ಹೊರಮಗ್ಗುಲಿಗೆ ವಾಲಿ, ತಿರುವು ಮುಗಿದ ಮೇಲೂ ಒಂದಷ್ಟು ಹೊತ್ತು ತೊನೆದಾಡುತ್ತದೆ. ಸಣ್ಣ ಉಬ್ಬನ್ನು ದಾಟಿದರೂ ಹಿಂಬದಿ ಎರಡು ಮೂರು ಸಲ ಕುಪ್ಪಳಿಸುತ್ತದೆ. ಎದುರಿನಿಂದ ದೊಡ್ಡ ಲಾರಿ ಹಾದುಹೋದರೆ ಅದರ ಗಾಳಿಗೆ ಇಡೀ ಗಾಡಿ ಪಕ್ಕಕ್ಕೆ ಸರಿದಂತಾಗುತ್ತದೆ.

ಇಂಥ ಸ್ಥಿತಿಯಲ್ಲಿ ಸಸ್ಪೆನ್ಷನ್‌ಗೆ, ಅಂದರೆ ಚಕ್ರಗಳನ್ನು ಗಾಡಿಗೆ ಜೋಡಿಸಿ ರಸ್ತೆಯ ಹೊಡೆತ ತಡೆಯುವ ವ್ಯವಸ್ಥೆಗೆ, ಹೊಸದೇನನ್ನು ಜೋಡಿಸಬಹುದು ಎಂಬುದರ ಕಡೆಗೇ ಮನಸ್ಸು ಮೊದಲು ಹೋಗುತ್ತದೆ: ಗಟ್ಟಿ ಸ್ಪ್ರಿಂಗ್, ದಪ್ಪ ಆಂಟಿ ರೋಲ್ ಬಾರ್ (ಎಡಬಲ ಚಕ್ರಗಳನ್ನು ಜೋಡಿಸಿ ಗಾಡಿ ವಾಲುವುದನ್ನು ತಡೆಯುವ ಸರಳು), ಗಾಳಿ ತುಂಬುವ ಸಹಾಯಕ ಸ್ಪ್ರಿಂಗ್. ನಾನೂ ಒಮ್ಮೆ ಹಾಗೆಯೇ ನಡೆದುಕೊಂಡೆ. ನನ್ನ ವ್ಯಾನು ಗಂಟೆಗೆ 70 ಕಿ.ಮೀ. ದಾಟಿದೊಡನೆ ರಸ್ತೆಯಲ್ಲಿ ಅತ್ತಿತ್ತ ಅಲೆಯುತ್ತಿತ್ತು. ನಾಲ್ಕೂ ಶಾಕ್ ಅಬ್ಸಾರ್ಬರ್‌ಗಳನ್ನು ಬದಲಿಸಿದೆ, ಎರಡು ಸಲ ವ್ಹೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸುವ ಕೆಲಸ) ಮಾಡಿಸಿದೆ; ಅಲೆದಾಟ ಮಾತ್ರ ನಿಲ್ಲಲಿಲ್ಲ. ಕೊನೆಗೆ ಹಿಂದಿನ ಲೀಫ್ ಸ್ಪ್ರಿಂಗಿನ (ಉಕ್ಕಿನ ಪಟ್ಟಿಗಳನ್ನು, ಅಂದರೆ ಎಲೆಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗಿನ) ಶ್ಯಾಕಲ್, ಅಂದರೆ ಅದರ ತುದಿಯನ್ನು ಗಾಡಿಗೆ ಸೇರಿಸುವ ಆಡುವ ಕೊಂಡಿ, ಬಿಚ್ಚಿ ನೋಡಿದಾಗ ಒಂದು ಬದಿಯ ಬುಷ್‌ನ (ಕೀಲಿನೊಳಗಿನ ಮೆತ್ತೆಯಂಥ ಕೊಳವೆಯ) ರಬ್ಬರು ಪೂರ್ತಿ ಸವೆದುಹೋಗಿ ಲೋಹಕ್ಕೆ ಲೋಹ ತಗಲುತ್ತಿತ್ತು. ಹೊಸ ಬುಷ್‌ಗಳನ್ನು ಹಾಕಿದ ದಿನವೇ ಗಾಡಿ ನೇರವಾಗಿ ಓಡತೊಡಗಿತು. ಕೆಳಗೆ ವಿವರಿಸುವ ಕ್ರಮ ಆ ಅನುಭವದಿಂದ ರೂಪುಗೊಂಡದ್ದು: ವ್ಯಾನು ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಆ ಸ್ಥಿತಿಗೆ ಮೊದಲು ತರಬೇಕು, ಆಮೇಲೂ ಉಳಿಯುವ ದೂರು ಯಾವುದೆಂದು ಗುರುತಿಸಬೇಕು, ಆ ಒಂದು ದೂರಿಗೆ ತಕ್ಕ ಒಂದೇ ಬದಲಾವಣೆಯನ್ನು ಮಾಡಿ ಪರೀಕ್ಷಿಸಬೇಕು.

ಅಳತೆಯಿಂದ ಆರಂಭ

ಯಾವ ಬೋಲ್ಟನ್ನೂ ಮುಟ್ಟುವ ಮೊದಲು ಗಾಡಿಯ ಈಗಿನ ಸ್ಥಿತಿಯನ್ನು ಬರೆದಿಟ್ಟುಕೊಳ್ಳಿ. ಸಮತಟ್ಟಾದ ನೆಲದ ಮೇಲೆ, ಸಾಮಾನ್ಯವಾಗಿ ಹೊರುವ ಸಾಮಾನನ್ನೆಲ್ಲ ಒಳಗಿಟ್ಟು, ಟೈರುಗಳಿಗೆ ಸರಿಯಾದ ಗಾಳಿ ತುಂಬಿ, ಗಾಡಿಯನ್ನು ಕೆಲವು ಮೀಟರ್ ಮುಂದಕ್ಕೆ ಉರುಳಿಸಿ ನಿಲ್ಲಿಸಬೇಕು. ಜ್ಯಾಕಿನಿಂದ ಇಳಿಸಿದ ಗಾಡಿಯನ್ನು ಹಾಗೆಯೇ ಅಳೆದರೆ ಚಕ್ರಗಳು ಒಳಮುಖವಾಗಿ ಸಿಕ್ಕಿಕೊಂಡಿರುವುದರಿಂದ ಅಳತೆ ತಪ್ಪಾಗುತ್ತದೆ. ಪ್ರತಿ ಚಕ್ರದ ಮಧ್ಯಬಿಂದುವಿನಿಂದ ಅದರ ಮೇಲಿನ ಬಾಡಿಯ ಅಂಚಿನವರೆಗಿನ ಎತ್ತರವನ್ನು ನಾಲ್ಕೂ ಕಡೆ ಅಳೆಯಿರಿ. ನೆಲದಿಂದ ಅಳೆಯುವುದಕ್ಕಿಂತ ಚಕ್ರದ ಮಧ್ಯದಿಂದ ಅಳೆಯುವುದು ಮೇಲು, ಏಕೆಂದರೆ ಟೈರಿನ ಸವೆತವಾಗಲಿ ಗಾಳಿಯ ಏರುಪೇರಾಗಲಿ ಈ ಲೆಕ್ಕವನ್ನು ಕೆಡಿಸುವುದಿಲ್ಲ. ಎಡಬಲಗಳ ನಡುವೆ 10ರಿಂದ 15 ಮಿ.ಮೀ.ಗಿಂತ ಹೆಚ್ಚು ಅಂತರವಿದ್ದರೆ ಒಂದೋ ಭಾರ ಒಂದೇ ಬದಿಗಿದೆ, ಇಲ್ಲವೇ ಆ ಬದಿಯ ಸ್ಪ್ರಿಂಗ್ ಕುಸಿದಿದೆ ಅಥವಾ ಮುರಿದಿದೆ.

ಸಾಧ್ಯವಾದರೆ ವೇಬ್ರಿಡ್ಜ್‌ನಲ್ಲಿ ಮುಂದಿನ ಆಕ್ಸಲ್ ಮತ್ತು ಹಿಂದಿನ ಆಕ್ಸಲ್‌ಗಳನ್ನು ಬೇರೆಬೇರೆಯಾಗಿ ತೂಗಿಸಿ. ಗಾಡಿಯ ಮೇಲಿರುವ ಕಂಪನಿಯ ಫಲಕದಲ್ಲಿ ಒಟ್ಟು ತೂಕದ ಮಿತಿಯ ಜೊತೆಗೆ ಪ್ರತಿ ಆಕ್ಸಲ್ಲಿನ ಮಿತಿಯೂ ಇರುತ್ತದೆ. ಒಟ್ಟು ತೂಕ ಮಿತಿಯೊಳಗಿದ್ದೂ ಹಿಂದಿನ ಆಕ್ಸಲ್ ಮಾತ್ರ ಮಿತಿ ಮೀರಿರುವುದು ಅಪರೂಪವಲ್ಲ, ಮುಖ್ಯವಾಗಿ ಒಳಗೆ ಮಂಚ, ನೀರಿನ ಟ್ಯಾಂಕು, ಬ್ಯಾಟರಿಗಳನ್ನು ಕೂರಿಸಿದ ಗಾಡಿಗಳಲ್ಲಿ. ಹಾಗೆ ಮೀರಿದ್ದರೆ ಅದಕ್ಕೆ ಪರಿಹಾರ ಭಾರ ಇಳಿಸುವುದೊಂದೇ. ಯಾವ ಸ್ಪ್ರಿಂಗನ್ನು ಹಾಕಿದರೂ ಆಕ್ಸಲ್, ಬೇರಿಂಗ್ ಮತ್ತು ಬ್ರೇಕುಗಳ ಸಾಮರ್ಥ್ಯ ಹೆಚ್ಚುವುದಿಲ್ಲ.

ಟೈರುಗಳು

ರಸ್ತೆಯನ್ನು ಮುಟ್ಟುವುದು ಟೈರು ಮಾತ್ರ; ಆದ್ದರಿಂದ ಸಸ್ಪೆನ್ಷನ್ ಕೆಲಸ ಅಲ್ಲಿಂದಲೇ ಶುರುವಾಗಬೇಕು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ: 2319 ಎಂದಿದ್ದರೆ 2019ನೇ ವರ್ಷದ 23ನೇ ವಾರ. ಕಡಿಮೆ ಓಡುವ ವ್ಯಾನುಗಳಲ್ಲಿ ಮೇಲ್ಮೈಯ ಗೆರೆಗಳು ಆಳವಾಗಿಯೇ ಉಳಿದಿದ್ದು, ರಬ್ಬರು ಮಾತ್ರ ವಯಸ್ಸಿನಿಂದ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಅಂಥ ಟೈರು ಒದ್ದೆ ರಸ್ತೆಯಲ್ಲಿ ಹಿಡಿತ ಕೊಡುವುದಿಲ್ಲ. ಐದು ವರ್ಷ ದಾಟಿದ ಟೈರನ್ನು ಪ್ರತಿ ವರ್ಷ ಪರಿಶೀಲಿಸಬೇಕು, ಹತ್ತು ವರ್ಷ ತುಂಬಿದ್ದನ್ನು ನೋಡಲು ಚೆನ್ನಾಗಿದ್ದರೂ ತೆಗೆದುಹಾಕಬೇಕು.

ಎರಡನೆಯದಾಗಿ ನೋಡಬೇಕಾದದ್ದು ಭಾರದ ಸೂಚ್ಯಂಕ. 104 ಎಂದಿದ್ದರೆ ಒಂದು ಟೈರು 900 ಕೆ.ಜಿ. ಹೊರಬಲ್ಲದು, 100 ಎಂದಿದ್ದರೆ 800 ಕೆ.ಜಿ., 91 ಎಂದಿದ್ದರೆ 615 ಕೆ.ಜಿ. ಮಾತ್ರ. ಅಳತೆ ಹೊಂದುತ್ತದೆಂದು ಕಾರಿನ ಟೈರನ್ನು ವ್ಯಾನಿಗೆ ಹಾಕಿದಾಗ ಸೂಚ್ಯಂಕ ಕಡಿಮೆಯಾಗುವುದಷ್ಟೇ ಅಲ್ಲ, ಅದರ ಮೆದುವಾದ ಪಕ್ಕದ ಗೋಡೆ ತಿರುವಿನಲ್ಲಿ ಮಡಚಿಕೊಂಡು ಗಾಡಿ ಇನ್ನಷ್ಟು ತೊಯ್ದಾಡುತ್ತದೆ. ವಾಣಿಜ್ಯ ವಾಹನಗಳಿಗೆಂದೇ ಮಾಡಿದ, ಅಳತೆಯ ಜೊತೆಗೆ ‘ಸಿ’ ಅಕ್ಷರವಿರುವ ಟೈರುಗಳ ಪಕ್ಕದ ಗೋಡೆ ಗಟ್ಟಿ. ಕೆಟ್ಟ ಟೈರಿನಿಂದ ಒಳ್ಳೆಯ ‘ಸಿ’ ಟೈರಿಗೆ ಬದಲಾದಾಗ ಸ್ಟೀರಿಂಗಿನಲ್ಲಿ ಕಾಣುವ ವ್ಯತ್ಯಾಸ ಎಷ್ಟೋ ದುಬಾರಿ ಭಾಗಗಳಿಂದಲೂ ಸಿಗುವುದಿಲ್ಲ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಗಾಳಿಯ ಒತ್ತಡವನ್ನು ಟೈರು ತಣ್ಣಗಿರುವಾಗಲೇ ಅಳೆಯಬೇಕು. ಹಿಂದಿನ ಚಕ್ರಗಳಿಗೆ ಖಾಲಿ ಗಾಡಿಗೊಂದು, ತುಂಬಿದ ಗಾಡಿಗೊಂದು ಒತ್ತಡವನ್ನು ಕಂಪನಿ ಸೂಚಿಸಿರುವುದುಂಟು. ಸದಾ ಖಾಲಿಯಾಗಿ ಓಡುವ ವ್ಯಾನಿಗೆ ಪೂರ್ತಿ ಭಾರದ ಒತ್ತಡವನ್ನು ತುಂಬಿದರೆ ಹಿಂಬದಿ ಕಲ್ಲಿನಂತೆ ಕುಟ್ಟುತ್ತದೆ.

ಗಾಡಿಯ ಕೆಳಗಿನ ಪರೀಕ್ಷೆ

ಗಾಡಿಯ ಕೆಳಗೆ ಹೋಗುವ ಪ್ರತಿಯೊಬ್ಬರೂ ಪಾಲಿಸಬೇಕಾದ ನಿಯಮವೊಂದಿದೆ: ಜ್ಯಾಕಿನ ಮೇಲೆ ಮಾತ್ರ ನಿಂತಿರುವ ಗಾಡಿಯ ಕೆಳಗೆ ದೇಹದ ಯಾವ ಭಾಗವನ್ನೂ ಇಡಬಾರದು. ಗಟ್ಟಿ ನೆಲ, ನೆಲದ ಮೇಲಿರುವ ಚಕ್ರಗಳಿಗೆ ಅಡ್ಡಗಟ್ಟು, ಭಾರಕ್ಕೆ ತಕ್ಕ ಆಕ್ಸಲ್ ಸ್ಟ್ಯಾಂಡುಗಳು, ಈ ಮೂರೂ ಇಲ್ಲದಿದ್ದರೆ ಕೆಲಸವನ್ನು ಗ್ಯಾರೇಜಿಗೆ ಒಪ್ಪಿಸಿ.

ಮೊದಲ ಪರೀಕ್ಷೆಗೆ ಗಾಡಿಯನ್ನು ಎತ್ತುವುದೇ ಬೇಡ. ಚಕ್ರಗಳು ನೆಲದ ಮೇಲಿರುವಾಗ ಇನ್ನೊಬ್ಬರು ಸ್ಟೀರಿಂಗನ್ನು ಎಡಬಲಕ್ಕೆ ಸ್ವಲ್ಪ ಸ್ವಲ್ಪವೇ ಆಡಿಸುತ್ತಿರಲಿ. ನೀವು ಟೈ ರಾಡ್ (ಸ್ಟೀರಿಂಗಿನ ಚಲನೆಯನ್ನು ಚಕ್ರಕ್ಕೆ ಮುಟ್ಟಿಸುವ ಸರಳು) ತುದಿಗಳು, ಸ್ಟೀರಿಂಗ್ ಬಾಕ್ಸ್ ಅಥವಾ ರ‍್ಯಾಕ್‌ನ ಹಿಡಿಕೆಗಳು, ಬಾಲ್ ಜಾಯಿಂಟುಗಳ (ಗುಂಡಿನಾಕಾರದ ಕೀಲುಗಳ) ಮೇಲೆ ಒಂದೊಂದಾಗಿ ಬೆರಳಿಟ್ಟು ನೋಡಿ. ಒಂದು ಭಾಗ ಚಲಿಸಿದ ಮೇಲೆ ಅದಕ್ಕೆ ಅಂಟಿದ ಇನ್ನೊಂದು ಭಾಗ ತಡವಾಗಿ ಚಲಿಸಿದರೆ ಆ ಕೀಲು ಸವೆದಿದೆ ಎಂದರ್ಥ. ಕಣ್ಣಿಗೆ ಕಾಣದ ಸಡಿಲವೂ ಬೆರಳಿಗೆ ತಿಳಿಯುತ್ತದೆ.

ಬಳಿಕ ಮುಂದಿನ ಚಕ್ರವನ್ನು ಎತ್ತಿ, ಅದರ ಮೇಲ್ತುದಿ ಮತ್ತು ಕೆಳತುದಿಯನ್ನು ಹಿಡಿದು ಅಲುಗಾಡಿಸಿ. ಆಟ (ಸಡಿಲ) ಇದ್ದರೆ ಅದು ಬೇರಿಂಗಿನದೂ ಆಗಿರಬಹುದು, ಬಾಲ್ ಜಾಯಿಂಟಿನದೂ ಆಗಿರಬಹುದು. ಇನ್ನೊಬ್ಬರು ಬ್ರೇಕನ್ನು ಒತ್ತಿ ಹಿಡಿದಾಗ ಆ ಆಟ ಮಾಯವಾದರೆ ದೋಷ ಬೇರಿಂಗಿನಲ್ಲಿದೆ. ಉಳಿದರೆ ಬಾಲ್ ಜಾಯಿಂಟ್ ಅಥವಾ ಬುಷ್‌ನಲ್ಲಿದೆ. ಎಡ ಮತ್ತು ಬಲ ಅಂಚನ್ನು ಹಿಡಿದು ಆಡಿಸಿದಾಗ ಮಾತ್ರ ಕಾಣುವ ಆಟ ಬಹುಮಟ್ಟಿಗೆ ಸ್ಟೀರಿಂಗ್ ಕೀಲುಗಳದು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಸ್ಪ್ರಿಂಗ್ ಕೆಳಗಿನ ಆರ್ಮ್ (ಚಕ್ರವನ್ನು ಗಾಡಿಯ ಚೌಕಟ್ಟಾದ ಚಾಸಿಗೆ ಸೇರಿಸುವ ತೋಳು) ಮೇಲೆ ಕೂತಿರುವ ಗಾಡಿಗಳಲ್ಲಿ ಜ್ಯಾಕನ್ನು ಚಾಸಿಗೆ ಕೊಟ್ಟು ಎತ್ತಿದರೆ ಸ್ಪ್ರಿಂಗಿನ ಒತ್ತಡ ಬಾಲ್ ಜಾಯಿಂಟನ್ನು ಬಿಗಿಯಾಗಿಯೇ ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಸವೆದ ಜಾಯಿಂಟೂ ಚೆನ್ನಾಗಿರುವಂತೆ ತೋರುತ್ತದೆ. ಅಂಥವುಗಳಲ್ಲಿ ಜ್ಯಾಕನ್ನು ಆರ್ಮ್‌ನ ಕೆಳಗೇ ಕೊಡಬೇಕು. ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಕಂಬದಲ್ಲಿರುವ ಜೋಡಣೆ) ಇರುವ ಗಾಡಿಗಳನ್ನು ಚಾಸಿಯಿಂದ ಎತ್ತಿದರೆ ಸಾಕು. ನಿಮ್ಮ ಗಾಡಿಯ ವಿನ್ಯಾಸ ಯಾವುದೆಂದು ಮೊದಲೇ ತಿಳಿದಿರಲಿ: ಟೊಯೋಟಾ ಹೈಏಸ್‌ನ ಹಲವು ತಲೆಮಾರುಗಳಲ್ಲಿ ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನಂತೆ ದುಡಿಯುವ ಸರಳು), ಹಿಂದೆ ಲೀಫ್ ಸ್ಪ್ರಿಂಗ್ ಇದೆ, ಫೋಕ್ಸ್‌ವ್ಯಾಗನ್ ಟ್ರಾನ್ಸ್‌ಪೋರ್ಟರ್‌ನ ನಾಲ್ಕನೇ ತಲೆಮಾರಿನಲ್ಲಿ ಮುಂದೆ ಟಾರ್ಷನ್ ಬಾರ್ ಇದ್ದರೂ ಹಿಂದಿರುವುದು ಕಾಯಿಲ್ ಸ್ಪ್ರಿಂಗ್.

ಹಿಂದೆ ಲೀಫ್ ಸ್ಪ್ರಿಂಗ್ ಇದ್ದರೆ ಪ್ರತಿ ಎಲೆಯ ಅಂಚಿನಲ್ಲಿ ಬಿರುಕಿದೆಯೇ, ಶ್ಯಾಕಲ್ ಒಂದು ಪಕ್ಕಕ್ಕೆ ಓರೆಯಾಗಿದೆಯೇ, ಬುಷ್ ನಡುವಿನಿಂದ ಸರಿದಿದೆಯೇ ಎಂದು ನೋಡಿ. ಎರಡೂ ಬದಿಯಲ್ಲಿ ಸ್ಪ್ರಿಂಗಿನ ಮುಂದಿನ ಬೋಲ್ಟಿನಿಂದ ಆಕ್ಸಲ್‌ವರೆಗಿನ ದೂರವನ್ನು ಅಳೆಯಿರಿ. ಎಲೆಗಳನ್ನು ಪೋಣಿಸಿರುವ ನಡುವಿನ ಬೋಲ್ಟ್ ತುಂಡಾದರೆ ಆಕ್ಸಲ್ ಒಂದು ಬದಿಯಲ್ಲಿ ಕೆಲವು ಮಿ.ಮೀ. ಹಿಂದಕ್ಕೋ ಮುಂದಕ್ಕೋ ಜಾರುತ್ತದೆ. ಆಗ ಗಾಡಿ ಏಡಿಯಂತೆ ಓರೆಯಾಗಿ ಓಡುತ್ತದೆ, ಮುಂದಿನ ಚಕ್ರಗಳನ್ನು ಎಷ್ಟು ಸಲ ಅಲೈನ್ ಮಾಡಿಸಿದರೂ ಸ್ಟೀರಿಂಗ್ ಸೊಟ್ಟಗೇ ನಿಲ್ಲುತ್ತದೆ. ಸ್ಪ್ರಿಂಗಿನ ಕೊಂಡಿಗಳೂ ಸ್ಟ್ರಟ್‌ನ ಮೇಲ್ತುದಿಯೂ ಚಾಸಿಗೆ ಸೇರುವ ಜಾಗದಲ್ಲಿ ತುಕ್ಕು ಹಿಡಿದಿದ್ದರೆ ಉಳಿದೆಲ್ಲ ಕೆಲಸವನ್ನು ನಿಲ್ಲಿಸಿ ಮೊದಲು ಅದನ್ನು ವೆಲ್ಡಿಂಗ್ ಬಲ್ಲವರಿಗೆ ತೋರಿಸಿ.

ಬುಷ್‌ಗಳ ಬದಲಾವಣೆ

ಹಳೆಯ ವ್ಯಾನಿನಲ್ಲಿ ಅತಿ ಹೆಚ್ಚು ಫಲ ಕೊಡುವ ಕೆಲಸ ಇದೇ ಎಂದು ನಾನು ನಂಬಿದ್ದೇನೆ. ಬುಷ್‌ನ ರಬ್ಬರು ಸಡಿಲವಾದಾಗ ಬ್ರೇಕ್ ಹಾಕಿದರೆ ಒಂದು ಚಕ್ರ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ, ವೇಗ ಹೆಚ್ಚಿಸಿದರೆ ಮುಂದಕ್ಕೆ ಬರುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ಜಾರುತ್ತದೆ; ಪ್ರತಿ ಚಲನೆಯಲ್ಲೂ ಚಕ್ರದ ಕೋನ ಬದಲಾಗುತ್ತಿರುತ್ತದೆ. ಚಾಲಕನಿಗೆ ಅದು ಅಲೆದಾಟವಾಗಿ ಅನುಭವಕ್ಕೆ ಬರುತ್ತದೆ.

ರಬ್ಬರ್ ಬುಷ್ ಹಾಕುವಾಗ ಬಹಳ ಕಡೆ ನಡೆಯುವ ಒಂದು ತಪ್ಪು ಅದರ ಆಯುಸ್ಸನ್ನೇ ತಿಂದುಹಾಕುತ್ತದೆ. ಇಂಥ ಬುಷ್‌ನ ಒಳಗಿನ ಮತ್ತು ಹೊರಗಿನ ಲೋಹದ ಕೊಳವೆಗಳಿಗೆ ರಬ್ಬರು ಅಂಟಿಕೊಂಡಿರುತ್ತದೆ. ಆರ್ಮ್ ಮೇಲೆ ಕೆಳಗೆ ಆಡುವಾಗ ರಬ್ಬರು ತಿರುಚಿಕೊಂಡು ಮತ್ತೆ ಬಿಡಿಸಿಕೊಳ್ಳುತ್ತದೆ. ಚಕ್ರ ಗಾಳಿಯಲ್ಲಿ ತೂಗಾಡುತ್ತಿರುವಾಗಲೇ ಬೋಲ್ಟನ್ನು ಬಿಗಿದುಬಿಟ್ಟರೆ, ಗಾಡಿಯನ್ನು ಇಳಿಸಿದ ಕ್ಷಣದಿಂದ ರಬ್ಬರು ಸದಾ ತಿರುಚಿದ ಸ್ಥಿತಿಯಲ್ಲೇ ಉಳಿದು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಆದ್ದರಿಂದ ಬೋಲ್ಟುಗಳನ್ನು ಮೊದಲು ಕೈಬಿಗಿಯಷ್ಟೇ ಹಾಕಿ, ಗಾಡಿಯನ್ನು ಚಕ್ರಗಳ ಮೇಲೆ ಇಳಿಸಿ, ಅದು ತನ್ನ ಸಹಜ ಎತ್ತರಕ್ಕೆ ಬಂದ ಮೇಲೆ ಕಂಪನಿ ಹೇಳಿದ ಟಾರ್ಕ್‌ಗೆ (ತಿರುಗಿಸುವ ಬಲದ ಅಳತೆಗೆ) ಬಿಗಿಯಬೇಕು. ಲೀಫ್ ಸ್ಪ್ರಿಂಗಿನ ಎರಡೂ ತುದಿಯ ಬೋಲ್ಟುಗಳಿಗೂ ಇದೇ ನಿಯಮ. ಬುಷ್ ಸುಲಭವಾಗಿ ಒಳಸೇರಲೆಂದು ಸಾಮಾನ್ಯ ಗ್ರೀಸನ್ನಾಗಲಿ ಎಂಜಿನ್ ಆಯಿಲನ್ನಾಗಲಿ ಸವರಬೇಡಿ, ಪೆಟ್ರೋಲಿಯಂ ಅಂಶ ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತದೆ. ಸೋಪಿನ ನೀರು ಸಾಕು.

ಪಾಲಿಯುರೇಥೇನ್ ಬುಷ್‌ಗಳ ವಿಷಯದಲ್ಲಿ ಉತ್ಸಾಹಕ್ಕಿಂತ ವಿವೇಚನೆ ಮುಖ್ಯ. ಅವು ರಬ್ಬರಿಗಿಂತ ಗಟ್ಟಿ, ಎಣ್ಣೆಗೆ ಹೆದರುವುದಿಲ್ಲ, ಆದರೆ ರಬ್ಬರಿನಂತೆ ಎಲ್ಲ ದಿಕ್ಕಿಗೂ ಬಳುಕುವುದಿಲ್ಲ. ಸಿಲಿಕೋನ್ ಗ್ರೀಸ್ ಒಣಗಿದರೆ ಕಿರುಗುಟ್ಟುತ್ತವೆ, ರಸ್ತೆಯ ಸದ್ದನ್ನೂ ಕಂಪನವನ್ನೂ ಒಳಗೆ ತರುತ್ತವೆ. ಆಂಟಿ ರೋಲ್ ಬಾರ್‌ನ ಹಿಡಿಕೆಗಳಲ್ಲಿ ಅವು ನಿಜವಾಗಿ ಉಪಯುಕ್ತ. ಅರ್ಧ ಓರೆಯಾಗಿ ಆಡುವ ಹಿಂದಿನ ಟ್ರೇಲಿಂಗ್ ಆರ್ಮ್‌ಗಳಲ್ಲಿಯೂ (ಚಕ್ರವನ್ನು ಅದರ ಮುಂದುಗಡೆಯಿಂದ ಹಿಡಿದಿರುವ ತೋಳುಗಳು) ಲೀಫ್ ಸ್ಪ್ರಿಂಗಿನ ಮುಂದಿನ ಕಣ್ಣಿನಲ್ಲಿಯೂ (ಬೋಲ್ಟ್ ಹಾಯುವ ತುದಿಯ ಸುರುಳಿ) ನಾನು ಒಳ್ಳೆಯ ರಬ್ಬರನ್ನೇ ಆರಿಸುತ್ತೇನೆ.

ಶಾಕ್ ಅಬ್ಸಾರ್ಬರ್

ಭಾರವನ್ನು ಹೊರುವುದು ಸ್ಪ್ರಿಂಗು. ಸ್ಪ್ರಿಂಗಿನ ಕುಣಿತವನ್ನು ತಡೆದು ನಿಲ್ಲಿಸುವುದಷ್ಟೇ ಶಾಕ್ ಅಬ್ಸಾರ್ಬರಿನ ಕೆಲಸ. ಕುಸಿದ ಗಾಡಿಯನ್ನು ಮೇಲೆತ್ತಲು ಗಟ್ಟಿ ಶಾಕ್ ಹಾಕುವುದು ಹಾಗಾಗಿ ನಿಷ್ಪ್ರಯೋಜಕ. ಗಾಡಿಯ ಮೂಲೆಯನ್ನು ಕೈಯಿಂದ ಒತ್ತಿ ಬಿಟ್ಟು ನೋಡುವ ಪರೀಕ್ಷೆಯಲ್ಲಿ ಪೂರ್ತಿ ಸತ್ತ ಶಾಕ್ ಮಾತ್ರ ಸಿಕ್ಕಿಬೀಳುತ್ತದೆ, ಅರ್ಧ ಶಕ್ತಿ ಕಳೆದುಕೊಂಡದ್ದು ತಪ್ಪಿಸಿಕೊಳ್ಳುತ್ತದೆ. ಉಬ್ಬು ದಾಟಿದ ಮೇಲೆ ಬಾಡಿ ಒಂದು ಸಲ ಏರಿಳಿದು ನಿಲ್ಲಬೇಕು. ಎರಡು ಮೂರು ಸಲ ಆಡಿದರೆ ಶಾಕ್ ದುರ್ಬಲವಾಗಿದೆ. ಟೈರಿನ ಮೇಲ್ಮೈಯಲ್ಲಿ ಅಲ್ಲಲ್ಲಿ ಬಟ್ಟಲಿನಂಥ ಸವೆತ ಕಂಡರೂ ಅದೇ ಸೂಚನೆ. ಶಾಕಿನ ಮೇಲೆ ತೆಳುವಾದ ಎಣ್ಣೆಯ ಪಸೆ ಇದ್ದರೆ ಚಿಂತೆಯಿಲ್ಲ, ಎಣ್ಣೆ ಹರಿದು ತೊಟ್ಟಿಕ್ಕುತ್ತಿದ್ದರೆ ಬದಲಿಸಲೇಬೇಕು, ಅದೂ ಒಂದು ಆಕ್ಸಲ್ಲಿನ ಎರಡನ್ನೂ ಒಟ್ಟಿಗೇ.

ಎರಡು ಕೊಳವೆಗಳ ಶಾಕ್‌ಗಳು ಅಂಗಡಿಯಲ್ಲಿ ಅಡ್ಡ ಮಲಗಿದ್ದು ಒಳಗೆ ಗಾಳಿ ಸೇರಿಕೊಂಡಿರುತ್ತದೆ. ಜೋಡಿಸುವ ಮೊದಲು ನೇರವಾಗಿ ಹಿಡಿದು ಪೂರ್ತಿ ಎಳೆದು, ತಲೆಕೆಳಗು ಮಾಡಿ ಒತ್ತಿ, ಮತ್ತೆ ನೇರ ಮಾಡಿ ಎಳೆಯಬೇಕು. ಹೀಗೆ ನಾಲ್ಕೈದು ಸಲ ಮಾಡಿದಾಗ ನಡುವೆ ಎಲ್ಲೂ ಖಾಲಿ ಎನಿಸದ ಸಮವಾದ ಬಿಗಿ ಕೈಗೆ ಸಿಗುತ್ತದೆ. ಮೇಲಿನ ನಟ್ ಬಿಗಿಯುವಾಗ ಹೊಳೆಯುವ ದಂಡವನ್ನು ಎಂದಿಗೂ ಇಕ್ಕಳದಲ್ಲಿ ಹಿಡಿಯಬಾರದು. ಅದರ ಮೇಲೆ ಬೀಳುವ ಒಂದು ಗೀರು ಸಾಕು, ಸೀಲ್ ಹರಿದು ಹೊಸ ಶಾಕ್ ವಾರಗಳಲ್ಲೇ ಸೋರತೊಡಗುತ್ತದೆ. ಇದೇ ಸಮಯದಲ್ಲಿ ಬಂಪ್ ಸ್ಟಾಪ್‌ಗಳನ್ನೂ ನೋಡಿ. ಪುಡಿಯಾಗಿರುವ ಆ ರಬ್ಬರ್ ತುಂಡುಗಳ ಬದಲಾವಣೆ ಸಣ್ಣ ಕೆಲಸ, ಆದರೆ ದೊಡ್ಡ ಗುಂಡಿಯಲ್ಲಿ ಬಡಿತ ನಿಲ್ಲುವುದು ಅವುಗಳಿಂದಲೇ. ಸ್ಟ್ರಟ್ ಬಿಚ್ಚಬೇಕಾದಲ್ಲಿ ಕಾಯಿಲ್ ಸ್ಪ್ರಿಂಗನ್ನು ಸರಿಯಾದ ಕಂಪ್ರೆಸರ್ ಇಲ್ಲದೆ ಬಿಡಿಸಲು ಹೋಗಬೇಡಿ, ಒತ್ತಿ ಹಿಡಿದ ಸ್ಪ್ರಿಂಗ್ ಚಿಮ್ಮಿದರೆ ಜೀವಕ್ಕೇ ಅಪಾಯ.

ಸ್ಪ್ರಿಂಗುಗಳು ಮತ್ತು ಎತ್ತರ

ಭಾರ ಹೊರಲೆಂದೇ ಮಾಡಿದ ವ್ಯಾನು ಖಾಲಿಯಾದಾಗ ಏಕೆ ಕುಪ್ಪಳಿಸುತ್ತದೆ ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಸ್ಪ್ರಿಂಗಿನ ಮೇಲೆ ಭಾರ ಆಡುವ ವೇಗ ಆ ಭಾರದ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ. ಹಿಂದಿನ ಸ್ಪ್ರಿಂಗುಗಳ ಮೇಲೆ 1200 ಕೆ.ಜಿ. ಇದ್ದಾಗ ಹಿಂಬದಿ ಸೆಕೆಂಡಿಗೆ 1.5 ಸಲ ಆಡುತ್ತದೆ ಎಂದಿಟ್ಟುಕೊಂಡರೆ, ಅದೇ ಸ್ಪ್ರಿಂಗುಗಳ ಮೇಲೆ 500 ಕೆ.ಜಿ. ಮಾತ್ರ ಉಳಿದಾಗ ಸುಮಾರು 2.3 ಸಲ ಆಡುತ್ತದೆ. ಕಾರುಗಳಲ್ಲಿ ಇದು ಸಾಮಾನ್ಯವಾಗಿ 1ರಿಂದ 1.5ರೊಳಗಿರುವುದರಿಂದಲೇ ಅವು ಮೆತ್ತಗೆ ಅನಿಸುತ್ತವೆ. ಇದರಿಂದ ಒಂದು ವಿಷಯ ಸ್ಪಷ್ಟ: ಸ್ಪ್ರಿಂಗನ್ನು ಗಾಡಿ ನಿತ್ಯ ಹೊರುವ ಭಾರಕ್ಕೆ ಹೊಂದಿಸಬೇಕೇ ಹೊರತು ಅದು ಒಮ್ಮೊಮ್ಮೆ ಹೊರಬಹುದಾದ ಭಾರಕ್ಕಲ್ಲ. ಸದಾ 300 ಕೆ.ಜಿ. ಹೊರುವ ವ್ಯಾನಿಗೆ ಇನ್ನೊಂದು ಎಲೆ ಸೇರಿಸಿದರೆ ಅದು ಇನ್ನಷ್ಟು ಕುಟ್ಟುತ್ತದೆ, ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರಗಳ ಹಿಡಿತವೂ ಕಡಿಮೆಯಾಗುತ್ತದೆ.

ಎತ್ತರ ಅಳೆದಾಗ ಹಿಂಬದಿ ಕುಸಿದಿದೆ ಎಂದು ಖಚಿತವಾದರೆ ಮೂಲ ಬಿಗಿಯ ಹೊಸ ಸ್ಪ್ರಿಂಗುಗಳೇ ಮೊದಲ ಆಯ್ಕೆ. ಹಳೆಯ ಎಲೆಗಳನ್ನು ತಣ್ಣಗಿರುವಾಗಲೇ ಬಡಿದು ಕಮಾನು ಕೊಡಿಸಿದರೆ ಕೆಲವು ಕಾಲ ಎತ್ತರ ನಿಲ್ಲುತ್ತದೆ, ಮತ್ತೆ ಇಳಿಯುತ್ತದೆ. ಕಾಯಿಸಿ ಸರಿಯಾಗಿ ಹದಗೊಳಿಸುವ ವ್ಯವಸ್ಥೆ ಇರುವ ಕಡೆ ಮಾಡಿಸಿದ ಕೆಲಸ ಮಾತ್ರ ಬಾಳುತ್ತದೆ. ಸ್ಪ್ರಿಂಗನ್ನು ಬಿಚ್ಚಿದಾಗ ಅದನ್ನು ಆಕ್ಸಲ್ಲಿಗೆ ಬಿಗಿದಿಡುವ ಯು-ಬೋಲ್ಟುಗಳನ್ನು ಮತ್ತೆ ಬಳಸಬೇಡಿ. ಅವು ಮೊದಲ ಬಿಗಿತದಲ್ಲೇ ಹಿಗ್ಗಿರುತ್ತವೆ, ಎರಡನೇ ಸಲ ಅದೇ ಹಿಡಿತ ಕೊಡಲಾರವು. ಅವು ಸಡಿಲವಾದರೆ ನಡುವಿನ ಬೋಲ್ಟ್ ತುಂಡಾಗುವುದು ಖಂಡಿತ.

ಒಂದು ದಿನ ಖಾಲಿ, ಇನ್ನೊಂದು ದಿನ ಪೂರ್ತಿ ತುಂಬಿ ಓಡುವ ಗಾಡಿಗೆ ಗಾಳಿ ತುಂಬುವ ಸಹಾಯಕ ಸ್ಪ್ರಿಂಗ್ ಒಳ್ಳೆಯದು, ಏಕೆಂದರೆ ಭಾರಕ್ಕೆ ತಕ್ಕಂತೆ ಒತ್ತಡವನ್ನು ಏರಿಸಿ ಇಳಿಸಬಹುದು. ತಯಾರಕರು ಹೇಳಿದ ಕನಿಷ್ಠ ಒತ್ತಡಕ್ಕಿಂತ ಕೆಳಗಿಳಿಸಿ ಓಡಿಸಿದರೆ ಮಾತ್ರ ಚೀಲ ಮಡಚಿಕೊಂಡು ಹರಿಯುತ್ತದೆ. ಟಾರ್ಷನ್ ಬಾರ್ ಇರುವ ಗಾಡಿಗಳಲ್ಲಿ ಹೊಂದಿಸುವ ಬೋಲ್ಟನ್ನು ತಿರುಗಿಸಿ ಮುಂಬದಿಯನ್ನು ಸುಲಭವಾಗಿ ಎತ್ತಬಹುದು, ಆದರೆ ಕಂಪನಿಯ ಎತ್ತರ ಮೀರಿದರೆ ಚಕ್ರ ಕೆಳಗಿಳಿಯಲು ಉಳಿಯಬೇಕಾದ ಅವಕಾಶವೇ ಇಲ್ಲವಾಗಿ ಬಾಲ್ ಜಾಯಿಂಟುಗಳು ತಮ್ಮ ಮಿತಿಯ ಕೋನದಲ್ಲಿ ದುಡಿಯಬೇಕಾಗುತ್ತದೆ.

ಎತ್ತರ ಬದಲಿಸುವವರು ಬಹುಪಾಲು ಮರೆಯುವ ಒಂದು ಭಾಗ ಹಿಂದಿನ ಬ್ರೇಕಿನ ಭಾರಸೂಚಕ ಕವಾಟ. ಹಲವು ವ್ಯಾನುಗಳಲ್ಲಿ ಚಾಸಿಯ ಮೇಲಿರುವ ಈ ಕವಾಟಕ್ಕೂ ಆಕ್ಸಲ್ಲಿಗೂ ನಡುವೆ ಒಂದು ಸಣ್ಣ ಸರಳೋ ಸ್ಪ್ರಿಂಗೋ ಇರುತ್ತದೆ. ಚಾಸಿ ಎಷ್ಟು ಇಳಿದಿದೆ ಎಂಬುದನ್ನು ನೋಡಿಕೊಂಡು ಅದು ಹಿಂದಿನ ಬ್ರೇಕಿಗೆ ಒತ್ತಡ ಬಿಡುತ್ತದೆ. ಹಿಂಬದಿಯನ್ನು ಎತ್ತರಿಸಿದರೆ ಗಾಡಿ ತುಂಬಿದ್ದರೂ ಖಾಲಿಯಿದೆ ಎಂದೇ ಕವಾಟ ತಿಳಿದು ಹಿಂದಿನ ಬ್ರೇಕನ್ನು ಕಡಿತಗೊಳಿಸುತ್ತದೆ. ತಗ್ಗಿಸಿದರೆ ಖಾಲಿ ಗಾಡಿಯನ್ನು ತುಂಬಿದ್ದೆಂದು ತಿಳಿದು ಹಿಂದಿನ ಚಕ್ರಗಳನ್ನು ಬೇಗ ಲಾಕ್ ಮಾಡಿ ಗಾಡಿ ಸುತ್ತಿಕೊಳ್ಳುವಂತೆ ಮಾಡುತ್ತದೆ. ಸ್ಪ್ರಿಂಗ್ ಬದಲಿಸಿದ ಮೇಲೆ ಈ ಕವಾಟವನ್ನು ಸರ್ವಿಸ್ ಕೈಪಿಡಿಯಂತೆ ಮತ್ತೆ ಹೊಂದಿಸಲೇಬೇಕು. ಬ್ರೇಕ್ ಹೋಸ್‌ಗಳು ಚಕ್ರ ಪೂರ್ತಿ ಇಳಿದಾಗ ಬಿಗಿಯಾಗಿ ಎಳೆಯುತ್ತಿಲ್ಲವೇ ಎಂಬುದನ್ನೂ ಪರೀಕ್ಷಿಸಿ. ಎತ್ತರದ ಬದಲಾವಣೆಗೆ ನಿಮ್ಮಲ್ಲಿನ ಸಾರಿಗೆ ನಿಯಮ ಮತ್ತು ವಿಮೆ ಒಪ್ಪುತ್ತವೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಅಗತ್ಯ.

ಭಾರವನ್ನು ಕೆಳಗಿಳಿಸುವುದು

ಒಂದು ಬಿಡಿಭಾಗವನ್ನೂ ಕೊಳ್ಳದೆ ಸಾಧಿಸಬಹುದಾದ ಸುಧಾರಣೆ ಇದು. 2000 ಕೆ.ಜಿ. ತೂಕದ ಒಂದು ವ್ಯಾನಿನ ಗುರುತ್ವಕೇಂದ್ರ ನೆಲದಿಂದ 0.8 ಮೀಟರ್ ಎತ್ತರದಲ್ಲಿದೆ, ಎಡಬಲ ಚಕ್ರಗಳ ನಡುವಿನ ಅಂತರ 1.6 ಮೀಟರ್ ಇದೆ ಎಂದುಕೊಳ್ಳಿ. ಗುರುತ್ವಾಕರ್ಷಣೆಯ 0.4ರಷ್ಟು ಪಕ್ಕದ ಬಲ ಹುಟ್ಟುವ ತಿರುವಿನಲ್ಲಿ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ 400 ಕೆ.ಜಿ. ಭಾರ ವರ್ಗವಾಗುತ್ತದೆ. ಈಗ 2.2 ಮೀಟರ್ ಎತ್ತರದ ಚಾವಣಿಯ ಮೇಲೆ 100 ಕೆ.ಜಿ. ಕಟ್ಟಿದರೆ ಆ ವರ್ಗಾವಣೆ 455 ಕೆ.ಜಿ.ಗೆ ಏರುತ್ತದೆ: ತೂಕ ಹೆಚ್ಚಿದ್ದು ಶೇ. 5ರಷ್ಟು, ವರ್ಗಾವಣೆ ಹೆಚ್ಚಿದ್ದು ಶೇ. 14ರಷ್ಟು. ಅದೇ 100 ಕೆ.ಜಿ.ಯನ್ನು ಒಳಗೆ ಅರ್ಧ ಮೀಟರ್ ಎತ್ತರದಲ್ಲಿ ಇಟ್ಟಿದ್ದರೆ ವರ್ಗಾವಣೆ ಸುಮಾರು 412 ಕೆ.ಜಿ.ಯಲ್ಲೇ ನಿಲ್ಲುತ್ತಿತ್ತು. ಚಾವಣಿಯ ಕ್ಯಾರಿಯರ್, ಏಣಿ, ಬಿಡಿ ಚಕ್ರಗಳನ್ನು ಬೇಡದಿದ್ದಾಗ ಇಳಿಸಿ. ಭಾರವಾದ ವಸ್ತುಗಳನ್ನು ಎರಡು ಆಕ್ಸಲ್‌ಗಳ ನಡುವೆ, ನೆಲಕ್ಕೆ ಹತ್ತಿರವಾಗಿ ಕಟ್ಟಿ. ಹಿಂದಿನ ಆಕ್ಸಲ್ಲಿನ ಆಚೆ ತೂಗುವ ಭಾರ ಮುಂದಿನ ಚಕ್ರಗಳನ್ನು ಹಗುರಗೊಳಿಸುವುದರಿಂದ ಪಕ್ಕದ ಗಾಳಿ ಬೀಸಿದಾಗ ಗಾಡಿ ಹೆಚ್ಚು ಅಲೆಯುತ್ತದೆ.

ಆಂಟಿ ರೋಲ್ ಬಾರ್

ಮೇಲಿನದೆಲ್ಲ ಮುಗಿದ ಮೇಲೂ ಗಾಡಿ ವಾಲುವುದು ಹೆಚ್ಚೆನಿಸಿದರೆ ಆಗ ಇದರ ಸರದಿ. ಬಾರ್‌ನ ಬಿಗಿ ಅದರ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ, 20 ಮಿ.ಮೀ. ಬಾರ್ ಬದಲು 22 ಮಿ.ಮೀ. ಬಾರ್ ಹಾಕಿದರೆ ಶೇ. 46ರಷ್ಟು, 24 ಮಿ.ಮೀ. ಹಾಕಿದರೆ ಎರಡರಷ್ಟು ಗಟ್ಟಿಯಾಗುತ್ತದೆ. ಕಣ್ಣಿಗೆ ಅಲ್ಪವೆನಿಸುವ ದಪ್ಪವೂ ಬಹಳ ದೊಡ್ಡ ಬದಲಾವಣೆ ಎಂಬುದನ್ನು ಕೊಳ್ಳುವ ಮೊದಲೇ ನೆನಪಿಡಬೇಕು. ಬಾರ್ ತಡೆಯುವುದು ಬಾಡಿ ವಾಲುವುದನ್ನು. ಮೇಲೆ ಲೆಕ್ಕ ಹಾಕಿದ ಒಟ್ಟು ಭಾರದ ವರ್ಗಾವಣೆಯನ್ನಲ್ಲ. ಆ ವರ್ಗಾವಣೆಯಲ್ಲಿ ಮುಂದಿನ ಆಕ್ಸಲ್ಲಿಗೆ ಎಷ್ಟು, ಹಿಂದಿನದಕ್ಕೆ ಎಷ್ಟು ಎಂಬ ಹಂಚಿಕೆ ಮಾತ್ರ ಅದರಿಂದ ಬದಲಾಗುತ್ತದೆ. ಮುಂದಿನ ಬಾರ್ ಗಟ್ಟಿಯಾದಷ್ಟೂ ತಿರುವಿನಲ್ಲಿ ಗಾಡಿಯ ಮೂತಿ ಹೊರಕ್ಕೆ ಓಡುತ್ತದೆ, ಹಿಂದಿನದು ಗಟ್ಟಿಯಾದಷ್ಟೂ ಹಿಂಬದಿ ಹೊರಕ್ಕೆ ಜಾರುತ್ತದೆ. ಎರಡನೆಯದು ಚಾಲಕನಿಗೆ ಹೆಚ್ಚು ಅಪಾಯಕಾರಿ. ಖಾಲಿ ವ್ಯಾನಿನ ಹಿಂಬದಿ ಮೊದಲೇ ಹಗುರವಾಗಿರುವುದರಿಂದ ಹಿಂದೆ ಮಾತ್ರ ದಪ್ಪ ಬಾರ್ ಹಾಕುವುದನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಮುಂದಿನದನ್ನು ಮೊದಲು ಬದಲಿಸಿ, ಇಲ್ಲವೇ ಆ ಗಾಡಿಗೆಂದೇ ಹೊಂದಿಸಿದ ಜೋಡಿಯನ್ನು ಹಾಕಿ. ಹಳೆಯ ಬಾರ್‌ನ ಲಿಂಕ್‌ಗಳೂ ಬುಷ್‌ಗಳೂ ಸವೆದಿದ್ದರೆ ಅವುಗಳನ್ನಷ್ಟೇ ಬದಲಿಸಿ ಮೊದಲು ಓಡಿಸಿ ನೋಡಿ, ಬಾರ್ ಕೊಳ್ಳುವ ಅಗತ್ಯವೇ ಬಾರದಿರಬಹುದು.

ಅಲೈನ್‌ಮೆಂಟ್

ಎತ್ತರವನ್ನೂ ಕೀಲುಗಳನ್ನೂ ಮುಟ್ಟುವ ಕೆಲಸವೆಲ್ಲ ಮುಗಿದ ನಂತರವೇ ಅಲೈನ್‌ಮೆಂಟ್ ಮಾಡಿಸಬೇಕು. ಸಾಮಾನ್ಯವಾಗಿ ಇರುವ ಭಾರ ಗಾಡಿಯಲ್ಲೇ ಇರಲಿ, ನಾಲ್ಕೂ ಚಕ್ರಗಳ ಅಳತೆಯ ಮುದ್ರಿತ ಹಾಳೆಯನ್ನು ಕೇಳಿ ಪಡೆಯಿರಿ. ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಸ್ಟೀರಿಂಗ್ ಅಕ್ಷದ ಓರೆ), ಆಮೇಲೆ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ಓರೆ), ಕೊನೆಗೆ ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವುದು), ಇದೇ ಕ್ರಮ, ಏಕೆಂದರೆ ಮೊದಲೆರಡನ್ನು ಬದಲಿಸಿದಾಗ ಟೋ ತಾನಾಗಿಯೇ ಬದಲಾಗುತ್ತದೆ.

ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದು ಮುಖ್ಯವಾಗಿ ಕ್ಯಾಸ್ಟರ್‌ನಿಂದ. ಇದಕ್ಕೂ ಹಿಂಬದಿಯ ಎತ್ತರಕ್ಕೂ ನೇರ ಸಂಬಂಧವಿದೆ: ಎರಡು ಆಕ್ಸಲ್‌ಗಳ ನಡುವೆ 2.5 ಮೀಟರ್ ಅಂತರವಿರುವ ಗಾಡಿಯ ಹಿಂಬದಿಯನ್ನು ಮಾತ್ರ 44 ಮಿ.ಮೀ. ಎತ್ತರಿಸಿದರೆ ಇಡೀ ಗಾಡಿ ಒಂದು ಡಿಗ್ರಿ ಮುಂದಕ್ಕೆ ಬಾಗಿ, ಕ್ಯಾಸ್ಟರ್ ಅಷ್ಟೇ ಕಡಿಮೆಯಾಗುತ್ತದೆ. ಹಿಂದೆ ಗಟ್ಟಿ ಸ್ಪ್ರಿಂಗ್ ಹಾಕಿಸಿದ ಮೇಲೆ ಗಾಡಿ ಅಲೆಯಲು ಶುರುವಾಯಿತು ಎನ್ನುವವರ ಗಾಡಿಯಲ್ಲಿ ಮೊದಲು ನೋಡಬೇಕಾದ ಅಂಕಿ ಇದೇ. ಎತ್ತರ ಬದಲಾದ ಗಾಡಿಯ ಹೆಡ್‌ಲೈಟ್‌ಗಳ ಕೋನವನ್ನೂ ಇದೇ ದಿನ ಸರಿಪಡಿಸಿಕೊಳ್ಳಿ.

ಓಡಿಸಿ ನೋಡುವುದು

ಪ್ರತಿ ಬದಲಾವಣೆಯ ನಂತರವೂ ಒಂದೇ ರಸ್ತೆ, ಒಂದೇ ಭಾರ, ಒಂದೇ ಟೈರ್ ಒತ್ತಡ ಇಟ್ಟುಕೊಂಡು ಓಡಿಸಿ. ಆ ರಸ್ತೆಯಲ್ಲಿ ನಿಮಗೆ ಪರಿಚಿತವಾದ ಒಂದು ಉಬ್ಬು, ಒಂದು ಉದ್ದನೆಯ ತಿರುವು, ಒಂದು ನೇರ ಹಾದಿ ಇರಲಿ. ವಾಹನ ಸಂಚಾರ ಕಡಿಮೆ ಇರುವ ಹೊತ್ತನ್ನು ಆರಿಸಿ. ನೇರ ಹಾದಿಯಲ್ಲಿ ಎಷ್ಟು ಸಲ ಸ್ಟೀರಿಂಗ್ ತಿದ್ದಬೇಕಾಯಿತು, ಉಬ್ಬಿನ ನಂತರ ಎಷ್ಟು ಸಲ ಆಡಿತು, ಮೆಲ್ಲಗೆ ಬ್ರೇಕ್ ಒತ್ತಿದಾಗ ಯಾವ ಕಡೆಗೆ ಎಳೆಯಿತು ಎಂಬುದನ್ನು ನಿಂತ ಕೂಡಲೇ ಬರೆದಿಡಿ. ಎರಡು ಭಾಗಗಳನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಒಳಿತಾಯಿತು, ಯಾವುದರಿಂದ ಕೆಟ್ಟಿತು ಎಂದು ಹೇಳಲು ಆಗುವುದಿಲ್ಲ.

ಸುಮಾರು 500 ಕಿ.ಮೀ. ಓಡಿದ ಮೇಲೆ ಯು-ಬೋಲ್ಟುಗಳು, ಶ್ಯಾಕಲ್ ಮತ್ತು ಆರ್ಮ್‌ನ ಬೋಲ್ಟುಗಳು, ಚಕ್ರದ ನಟ್‌ಗಳು, ಇವಿಷ್ಟನ್ನೂ ಟಾರ್ಕ್ ವ್ರೆಂಚಿನಿಂದ ಮತ್ತೆ ಪರೀಕ್ಷಿಸಬೇಕು. ಹೊಸ ಸ್ಪ್ರಿಂಗುಗಳು ಈ ವೇಳೆಗೆ ಸ್ವಲ್ಪ ಕುಳಿತಿರುತ್ತವೆ, ಆದ್ದರಿಂದ ನಾಲ್ಕೂ ಮೂಲೆಗಳ ಎತ್ತರವನ್ನು ಇನ್ನೊಮ್ಮೆ ಅಳೆದು ಮೊದಲ ದಿನದ ಅಂಕಿಗಳ ಪಕ್ಕದಲ್ಲೇ ಬರೆದುಕೊಳ್ಳಿ; ಕೆಲವು ಮಿ.ಮೀ.ಗಿಂತ ಹೆಚ್ಚು ಬದಲಾಗಿದ್ದರೆ ಟೋ ಮತ್ತು ಬ್ರೇಕಿನ ಕವಾಟ ಎರಡನ್ನೂ ಮತ್ತೆ ಹೊಂದಿಸಬೇಕಾಗುತ್ತದೆ.